ಎರಡು ಪ್ರೊಸೆಸರ್ ಬೋರ್ಡ್ ಕೊಳ್ಳುವ ಮುಂಚೆ ಮ್ಯಾನುಯಲ್ ತೆಗೆದು ನೋಡಿ

ದಾವಣಗೆರೆಯಲ್ಲಿ ಆರ್ಕಿಟೆಕ್ಟ್‌ಗಳಿಗೆ, ವಿಡಿಯೋ ಸ್ಟುಡಿಯೋದವರಿಗೆ ವರ್ಕ್‌ಸ್ಟೇಷನ್ ಜೋಡಿಸಿಕೊಡುವುದು ನನ್ನ ಕೆಲಸ. ಈಚೆಗೆ ಝಿಯಾನ್, ಅಂದರೆ ಇಂಟೆಲ್‌ನ ಸರ್ವರ್-ವರ್ಕ್‌ಸ್ಟೇಷನ್ ಪ್ರೊಸೆಸರ್ ಬಗ್ಗೆ ಜಾಸ್ತಿ ಕೇಳಿಬರುವ ಮಾತು ಇದು: "ಸರ್, ಹಳೇ ಝಿಯಾನ್ ಎರಡು ಹಾಕಿಬಿಟ್ರೆ ಕಡಿಮೆ ದುಡ್ಡಲ್ಲಿ ಮುಗಿಯುತ್ತೆ ಅಲ್ವಾ?" ಮುಗಿಯುತ್ತದೆ, ಬೋರ್ಡ್ (ಮದರ್‌ಬೋರ್ಡ್) ನೋಡಿ ಆರಿಸಿದರೆ.

ಆಟೋಕ್ಯಾಡ್‌ನಲ್ಲಿ ಪ್ಲ್ಯಾನ್ ಬರೆಯುವುದಷ್ಟೇ ಕೆಲಸವಾದರೆ ಎರಡನೇ ಪ್ರೊಸೆಸರ್ ಸುಮ್ನೆ ಕೂತಿರುತ್ತದೆ. ಅದರ ಬಹುಪಾಲು ಕೆಲಸ ಒಂದೇ ಕೋರ್ ಮೇಲೆ ನಡೆಯುತ್ತದೆ. ಅಂಥವರಿಗೆ ವೇಗದ ಒಂದೇ ಪ್ರೊಸೆಸರ್ ಸಾಕು ಅಂತ ಹೇಳಿ ಕಳಿಸುತ್ತೇನೆ. ಬ್ಲೆಂಡರ್, ವಿ-ರೇಗಳಲ್ಲಿ ಸಿಪಿಯು (ಪ್ರೊಸೆಸರ್) ಮೇಲೆ ರೆಂಡರ್ ಹಾಕುವವರ, ಅಂದರೆ 3ಡಿ ಮಾಡೆಲ್‌ನಿಂದ ಚಿತ್ರ ತೆಗೆಯುವವರ ಲೆಕ್ಕ ಬೇರೆ. 2016ರ ಝಿಯಾನ್ ಇ5-2680 ವಿ4 ಎರಡು ಹಾಕಿದರೆ 28 ಕೋರ್, 56 ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆ) ಸಿಗುತ್ತದೆ. ರೆಂಡರ್ ಅಷ್ಟನ್ನೂ ಬಳಸಿಕೊಳ್ಳುತ್ತದೆ. ಇ5-1600 ಸರಣಿಯದನ್ನು ಮಾತ್ರ ಕೊಳ್ಳಬೇಡಿ, ಅವು ಜೋಡಿಯಾಗಿ ಓಡುವುದಿಲ್ಲ.

ಬೋರ್ಡಿನ ಮ್ಯಾನುಯಲ್‌ನಲ್ಲಿ ಬ್ಲಾಕ್ ಡಯಾಗ್ರಾಮ್ ಅಂತ ಒಂದು ಪುಟ ಇರುತ್ತದೆ. ನಾನು ಬೆಲೆ ಕೇಳುವ ಮುಂಚೆ ಅದನ್ನು ನೋಡುತ್ತೇನೆ. ಈ ಪೀಳಿಗೆಯ ಪ್ರತಿ ಪ್ರೊಸೆಸರ್‌ಗೂ ತನ್ನದೇ ನಾಲ್ಕು ರ‍್ಯಾಮ್ ಚಾನೆಲ್ (ಮೆಮೊರಿಗೆ ಹೋಗುವ ದಾರಿ), 40 ಪಿಸಿಐಇ ಲೇನ್ (ಗ್ರಾಫಿಕ್ಸ್‌ನಂಥ ಕಾರ್ಡ್‌ಗೆ ಹೋಗುವ ದಾರಿ) ಇವೆ. ಯಾವ ಸ್ಲಾಟ್ ಯಾವ ಸಾಕೆಟ್‌ಗೆ (ಪ್ರೊಸೆಸರ್ ಕೂರುವ ಜಾಗಕ್ಕೆ) ಸೇರಿದೆ ಅನ್ನುವುದು ಆ ಪುಟದಲ್ಲೇ ಗೊತ್ತಾಗುವುದು. "ಈಗ ಒಂದು ಹಾಕಿ, ಇನ್ನೊಂದು ಆಮೇಲೆ ನೋಡೋಣ" ಅನ್ನುವವರು ಬಹಳ. ಎರಡನೇ ಸಾಕೆಟ್ ಖಾಲಿ ಇದ್ದರೆ ಅದರ ಕಡೆಯ ರ‍್ಯಾಮ್ ಸ್ಲಾಟ್, ಪಿಸಿಐಇ ಸ್ಲಾಟ್ ಯಾವುದೂ ಕೆಲಸ ಮಾಡುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಅಲ್ಲಿಗೇ ಹಾಕಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ರ‍್ಯಾಮನ್ನೂ ಎರಡೂ ಕಡೆ ಸಮನಾಗಿ ಹಂಚಬೇಕು. ಎಲ್ಲವನ್ನೂ ಒಂದೇ ಕಡೆ ತುಂಬಿದರೆ ಇನ್ನೊಂದು ಪ್ರೊಸೆಸರ್ ಪ್ರತಿ ಸಲ ಪಕ್ಕದವನ ಮೂಲಕ ಹೋಗಿ ಓದಬೇಕಾಗುತ್ತದೆ, ನಿಧಾನವಾಗುತ್ತದೆ.

ಅಳತೆಯ ವಿಷಯ. ಇಂಥ ಬೋರ್ಡ್‌ಗಳು ಹೆಚ್ಚಾಗಿ 12 ಇಂಚಿಗೆ 13 ಇಂಚು ಇರುತ್ತವೆ, ಸಾಮಾನ್ಯ ಕ್ಯಾಬಿನೆಟ್‌ನಲ್ಲಿ ಕೂರುವುದಿಲ್ಲ. ಎಸ್‌ಎಂಪಿಎಸ್‌ನಲ್ಲಿ (ಒಳಗೆ ಕರೆಂಟ್ ಕೊಡುವ ಡಬ್ಬಿಯಲ್ಲಿ) ಸಿಪಿಯುಗೆ ಅಂತ ಎರಡು 8 ಪಿನ್ ಕೇಬಲ್ ಬೇಕು. ಕೂಲರ್ ಕೂರಿಸುವ ಚೌಕಟ್ಟು ಕೆಲವದರಲ್ಲಿ ಚೌಕ, ಕೆಲವದರಲ್ಲಿ ಕಿರಿದು. ಒಂದಕ್ಕೆ ತಂದ ಕೂಲರ್ ಇನ್ನೊಂದಕ್ಕೆ ಹಿಡಿಯದು. ಬ್ರ್ಯಾಂಡೆಡ್ ವರ್ಕ್‌ಸ್ಟೇಷನ್‌ನಿಂದ ಬಿಚ್ಚಿದ ಬೋರ್ಡ್ ಅಗ್ಗವಾಗಿ ಸಿಗುತ್ತದೆ ನಿಜ. ಆದರೆ ಅದರ ಪವರ್ ಕನೆಕ್ಟರ್, ಆಕಾರ ಎರಡೂ ಅದೇ ಕಂಪನಿಗೆ ಮಾತ್ರ ಹೊಂದುವಂಥವು. ನಾನು ಮುಟ್ಟುವುದಿಲ್ಲ.

ಕರೆಂಟ್ ಲೆಕ್ಕವನ್ನೂ ಹಾಕಿ. ತಲಾ 120 ವಾಟ್‌ನ ಎರಡು ಪ್ರೊಸೆಸರ್, ಮೇಲೆ ಗ್ರಾಫಿಕ್ಸ್ ಕಾರ್ಡ್. ಮನೆಯ 600 ವಿಎ ಯುಪಿಎಸ್ ಇದನ್ನು ಹೊರುವುದಿಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಗಾಳಿಯಾಡುವ ಕ್ಯಾಬಿನೆಟ್ ಇರಲೇಬೇಕು. ವಿಂಡೋಸ್ ಹೋಮ್ ಒಂದೇ ಸಾಕೆಟ್ ನೋಡುತ್ತದೆ, ಪ್ರೊ ಬೇಕು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಪ್ರೊಸೆಸರ್‌ಗಳಿಲ್ಲ. ಹಾಗಾಗಿ ಬ್ಲೆಂಡರ್ ಒಂದನ್ನೇ ಬಳಸುವವರಿಗೆ ಲಿನಕ್ಸ್ ಹಾಕಿಕೊಡುತ್ತೇನೆ.

ಸೆಕೆಂಡ್ ಹ್ಯಾಂಡ್ ಬೋರ್ಡ್ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತೆಗೆದುಕೊಳ್ಳುವುದಾದರೆ ಜೇಬಲ್ಲಿ ಟಾರ್ಚ್ ಇರಲಿ. ಈ ಬೋರ್ಡ್‌ಗಳಲ್ಲಿ ಪಿನ್‌ಗಳು ಇರುವುದು ಪ್ರೊಸೆಸರ್‌ನಲ್ಲಲ್ಲ, ಸಾಕೆಟ್‌ನಲ್ಲಿ, ಒಂದೊಂದರಲ್ಲಿ 2011 ಪಿನ್. ಬೆಳಕನ್ನು ಓರೆಯಾಗಿ ಬಿಟ್ಟರೆ ಎಲ್ಲ ತುದಿಗಳೂ ಒಂದೇ ಥರ ಹೊಳೆಯಬೇಕು. ಬಾಗಿದ ಪಿನ್ ಮೆಕ್ಕೆಜೋಳದ ಹೊಲದಲ್ಲಿ ಸಾಲು ತಪ್ಪಿದ ಗಿಡದ ಹಾಗೆ ಕಣ್ಣಿಗೆ ಬೀಳುತ್ತದೆ. ಅಂಥ ಒಂದು ಪಿನ್ ಸಾಕು, ಬೋರ್ಡ್ ಆನ್ ಆದರೂ ಒಂದು ರ‍್ಯಾಮ್ ಚಾನೆಲ್ ಕಾಣೆಯಾಗಿರಬಹುದು. ಅದಕ್ಕೇ ಎರಡೂ ಪ್ರೊಸೆಸರ್ ಹಾಕಿಸಿ, ಎಲ್ಲ ರ‍್ಯಾಮ್ ಸ್ಲಾಟ್ ತುಂಬಿಸಿ, ಬಯಾಸ್‌ನಲ್ಲಿ (ಆನ್ ಮಾಡಿದ ಕೂಡಲೇ ತೆರೆಯಬಹುದಾದ ಸೆಟಿಂಗ್ ಪರದೆಯಲ್ಲಿ) ಪೂರ್ತಿ ಜಿಬಿ ತೋರಿಸಿ ಅಂತ ಕೇಳುತ್ತೇನೆ. ತೋರಿಸಿದ ಮೇಲೇ ದುಡ್ಡು ಕೊಡುವುದು.