ಗೆದ್ದ ದಿನ ಶುರುವಾದ ಮುನಿಸು

ಜೂನ್ 7, 2023, ಬುಧವಾರ

ಬ್ಯಾಸ್ಕೆಟ್‌ಬಾಲ್ ಆಟಗಾರ ಡ್ರಾಜೆನ್ ಪೆಟ್ರೋವಿಚ್ ತೀರಿಕೊಂಡು ಇವತ್ತಿಗೆ 30 ವರ್ಷ. ರಾತ್ರಿ ಊಟ ಮುಗಿಸಿ 1989ರ ಯುರೋಪಿಯನ್ ಚಾಂಪಿಯನ್‌ಷಿಪ್‌ನ ವಿಡಿಯೊ ಹಾಕಿಕೊಂಡು ಕೂತೆ. ಐದು ನಿಮಿಷದಲ್ಲೇ ಕಣ್ಣು ಅವನನ್ನು ಬಿಟ್ಟು ಆ ಗಡ್ಡದ ಉದ್ದಾಳಿನ ಕಡೆ ಹೋಯಿತು. ವ್ಲಾಡೆ ದಿವಾಟ್ಸ್. ಪೆಟ್ರೋವಿಚ್ ಕ್ರೊಯೇಷಿಯಾದವನು, ದಿವಾಟ್ಸ್ ಸರ್ಬಿಯಾದವನು. ಆಗ ಎರಡೂ ಯುಗೊಸ್ಲಾವಿಯಾ ಎಂಬ ಒಂದೇ ದೇಶದ ಭಾಗ. ಯುಗೊಸ್ಲಾವಿಯಾ ತಂಡದಲ್ಲಿ ಇಬ್ಬರಿಗೂ ಒಂದೇ ರೂಮು.

ಅದೇ ವರ್ಷ ಇಬ್ಬರೂ ಎನ್‌ಬಿಎ ಲೀಗಿನಲ್ಲಿ ಆಡಲು ಅಮೆರಿಕಕ್ಕೆ ಹೋದರು. ದಿವಾಟ್ಸ್ ಲೇಕರ್ಸ್ ತಂಡಕ್ಕೆ, ಪೆಟ್ರೋವಿಚ್ ಪೋರ್ಟ್‌ಲ್ಯಾಂಡ್ ತಂಡಕ್ಕೆ. ಯುರೋಪಿನಲ್ಲಿ ರಾಜನಂತೆ ಮೆರೆದವನನ್ನು ಅಲ್ಲಿ ಬೆಂಚಿನ ಮೇಲೆ ಕೂರಿಸಿದರು. ಆ ಸಂಕಟವನ್ನೆಲ್ಲ ಫೋನಿನಲ್ಲಿ ತೋಡಿಕೊಳ್ಳುತ್ತಿದ್ದದ್ದು ದಿವಾಟ್ಸ್ ಹತ್ತಿರ.

1990ರ ಆಗಸ್ಟ್, ಬ್ಯೂನಸ್ ಐರಿಸ್. ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವನ್ನು 92-75ರಿಂದ ಸೋಲಿಸಿ ಕುಣಿಯುತ್ತಿದ್ದಾರೆ. ಯಾರೋ ಒಬ್ಬ ಕ್ರೊಯೇಷಿಯಾದ ಬಾವುಟ ಹಿಡಿದು ಕೋರ್ಟಿಗೆ ನುಗ್ಗಿದ. ದಿವಾಟ್ಸ್ ಅದನ್ನು ಕಿತ್ತುಕೊಂಡ. ಗೆದ್ದಿದ್ದು ಯುಗೊಸ್ಲಾವಿಯಾ, ಸರ್ಬಿಯಾದ ಬಾವುಟ ಬಂದಿದ್ದರೂ ಹಾಗೇ ಮಾಡುತ್ತಿದ್ದೆ ಅಂತ ಆಮೇಲೆ ಹೇಳಿದ. ನಾನಂತೂ ನಂಬುತ್ತೇನೆ. ಆದರೆ ಪೆಟ್ರೋವಿಚ್ ಅಲ್ಲಿಂದ ದೂರವಾಗುತ್ತಾ ಹೋದ. ಮರುವರ್ಷ ದೇಶ ಒಡೆದು ಕ್ರೊಯೇಷಿಯನ್ನರಿಗೂ ಸರ್ಬರಿಗೂ ಯುದ್ಧ ಶುರುವಾದ ಮೇಲೆ ಮಾತನ್ನೇ ಬಿಟ್ಟ.

ಒಂದೇ ಲೀಗಿನಲ್ಲಿ ಆಡುವವರು, ಎದುರಾಗದೆ ಇರೋಕಾಗುತ್ತಾ? ಎದುರಾದರೂ ಮಾತಿಲ್ಲ. ದಿವಾಟ್ಸ್ ಮಾತಾಡಿಸಲು ನೋಡಿದ, ಇವನು ಬಗ್ಗಲಿಲ್ಲ. ಮಕ್ಕಳು ಠೂ ಬಿಟ್ಟರೂ ಸಂಜೆಯೊಳಗೆ ಸರಿಹೋಗುತ್ತಾರೆ, ಇವನದು ಜಾಸ್ತಿ ಆಯ್ತು ಅಂತ ಮೊದಲು ಅನ್ನಿಸುತ್ತಿತ್ತು. ಈಗ ಅಷ್ಟು ಸುಲಭವಾಗಿ ಹೇಳಲಾರೆ. 1991ರ ಸೆಪ್ಟೆಂಬರಿನಲ್ಲಿ ಪೆಟ್ರೋವಿಚ್‌ನ ಹುಟ್ಟೂರು, ಕ್ರೊಯೇಷಿಯಾದ ಶಿಬೆನಿಕ್ ಮೇಲೆ ದಾಳಿ ನಡೆಯಿತು. ಅವನು ಆಗ ನ್ಯೂಜೆರ್ಸಿ ತಂಡದವನು. ಅಷ್ಟು ದೂರದಿಂದ ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕು?

1993ರಲ್ಲಿ ಪೋಲೆಂಡಿನ ಪಂದ್ಯ ಮುಗಿಸಿ ಕ್ರೊಯೇಷಿಯಾ ತಂಡದವರೆಲ್ಲ ವಿಮಾನದಲ್ಲೇ ಮನೆಗೆ ಹೋದರು. ಇವನೊಬ್ಬ ಜರ್ಮನಿಯಲ್ಲಿ ಇಳಿದು ಕಾರು ಹತ್ತಿದ. ಮಳೆಯಲ್ಲಿ ಕಾರು ಲಾರಿಗೆ ಗುದ್ದಿತು. ಅವನಿಗೆ ಬರೀ 28.

ಸುಮ್ನೆ ನೆನಪಾಯಿತು: 1996ರಲ್ಲಿ ಲೇಕರ್ಸ್ ಇದೇ ದಿವಾಟ್ಸ್‌ನನ್ನು ಕೊಟ್ಟು ಕೋಬಿ ಬ್ರಯಂಟ್‌ನನ್ನು ತಂದುಕೊಂಡಿತು. ಆ ಬೇಸಿಗೆಯಲ್ಲೇ ಶಕೀಲ್ ಓನೀಲ್ ಕೂಡ ಬಂದ. ಒಂದೇ ತಂಡದಲ್ಲಿದ್ದ ಕೋಬಿ-ಶಕೀಲ್ ಜಗಳ ಜಗತ್ತಿಗೆಲ್ಲ ಗೊತ್ತು. ಆದರೂ ಅವರಿಗೆ ರಾಜಿಯಾಗೋಕೆ ಟೈಮ್ ಸಿಕ್ಕಿತ್ತು.

ಎಷ್ಟೋ ವರ್ಷ ಕಳೆದ ಮೇಲೆ ದಿವಾಟ್ಸ್ ಜಾಗ್ರೆಬ್‌ಗೆ ಹೋಗಿ ಪೆಟ್ರೋವಿಚ್‌ನ ಅಮ್ಮನನ್ನು ಕಂಡ. ಇಬ್ಬರೂ ಜೊತೆಗಿದ್ದ ಹಳೆಯ ಫೋಟೊ ಒಂದನ್ನು ಸಮಾಧಿಯ ಮೇಲಿಟ್ಟು ಬಂದ.

ವಿಡಿಯೊ ಮುಗಿಯುವಷ್ಟರಲ್ಲಿ ಹನ್ನೆರಡೂವರೆ. ನಾಳೆ ಬೇರೆ ಆಫೀಸಿದೆ.