ಸಿಲಿಕಾ ಒಂದು ಪರ್ಸೆಂಟ್ ಕಮ್ಮಿ ಹಾಕಿದರೆ ಪೇಟೆಂಟ್ ತಪ್ಪುತ್ತದಾ?

ಶಿವಮೊಗ್ಗದಲ್ಲಿ ಕೂತು ಪೇಟೆಂಟ್ ಕೆಲಸ ಮಾಡುತ್ತೇನೆ ಅಂತ ಗೊತ್ತಾದರೆ ಸಾಕು, ಮಾಚೇನಹಳ್ಳಿಯ ಫೌಂಡ್ರಿಯವರಿಂದ ಹಿಡಿದು ಕಾಲೇಜು ಹುಡುಗರವರೆಗೆ ಇದನ್ನೇ ಕೇಳುತ್ತಾರೆ. ಈಚೆಗೆ ಗಾಜು-ಸೆರಾಮಿಕ್ ವಿಷಯ ಜಾಸ್ತಿ, ಅದೇ ಇಂಡಕ್ಷನ್ ಒಲೆಯ ಮೇಲಿನ ಹಲಗೆ. “ಮೇಡಂ, ಪೇಟೆಂಟ್‌ನಲ್ಲಿ ಸಿಲಿಕಾ 60ರಿಂದ 70 ಅಂತಿದೆ. ನಾವು 59 ಹಾಕಿದ್ರೆ ಬಚಾವ್ ಅಲ್ವಾ?”

ಆಗಲೂಬಹುದು. ಆದರೆ ಅಷ್ಟು ಸಣ್ಣ ವ್ಯತ್ಯಾಸವನ್ನು ಕೋರ್ಟು ‘ಎರಡೂ ಒಂದೇ’ ಅಂತ ನೋಡುವ ಸಾಧ್ಯತೆಯೂ ಇದೆ. ಅದಕ್ಕಿಂತ ಮೊದಲು, ಆ ಅಂಕಿ ಎಲ್ಲಿಂದ ತಂದಿರಿ? ಉದಾಹರಣೆಯ ಪಟ್ಟಿಯಿಂದ ಆದರೆ ಬಿಡಿ. ಹಕ್ಕು ಇರುವುದು ಕ್ಲೇಮ್‌ಗಳಲ್ಲಿ, ಅಂದರೆ ‘ಇಷ್ಟು ನಮ್ಮದು’ ಅಂತ ಪೇಟೆಂಟ್‌ನಲ್ಲಿ ನಂಬರ್ ಹಾಕಿ ಬರೆದ ಸಾಲುಗಳಲ್ಲಿ.

ಅಲ್ಲಿನ ಲೆಕ್ಕ ಸಾಮಾನ್ಯವಾಗಿ ಆಕ್ಸೈಡ್‌ನದು, ನೀವು ಮೂಟೆಯಿಂದ ಸುರಿಯುವ ಪುಡಿಯದಲ್ಲ. 100 ಗ್ರಾಂ ಲಿಥಿಯಂ ಕಾರ್ಬೊನೇಟ್ ಹಾಕಿದರೆ ಗಾಜಿನಲ್ಲಿ ಉಳಿಯುವ ಲಿಥಿಯಂ ಆಕ್ಸೈಡ್ ಸುಮಾರು 40 ಗ್ರಾಂ. ಮಿಕ್ಕಿದ್ದು ಅನಿಲವಾಗಿ ಹೋಯಿತು. ತೂಕದ ಪರ್ಸೆಂಟೋ ಮೋಲ್ ಪರ್ಸೆಂಟೋ (ಕಣಗಳ ಎಣಿಕೆಯ ಲೆಕ್ಕ) ಅದನ್ನೂ ನೋಡಿ. ಇಂಥ ಗಾಜಿನಲ್ಲಿ ತೂಕದಲ್ಲಿ 4 ಇರುವ ಲಿಥಿಯಂ ಆಕ್ಸೈಡ್ ಮೋಲ್‌ನಲ್ಲಿ 8 ದಾಟುತ್ತದೆ.

ಕ್ಲೇಮ್‌ನಲ್ಲಿ ‘ಕಂಪ್ರೈಸಿಂಗ್’ ಅಂತ ಬರೆದಿದ್ದರೆ ನೀವು ಒಂದು ಚಿಟಿಕೆ ಸತು ಸೇರಿಸಿ ತಪ್ಪಿಸಿಕೊಳ್ಳಲಾಗದು, ಹೇಳಿದ್ದರ ಜೊತೆ ಬೇರೆಯದು ಇದ್ದರೂ ಕ್ಲೇಮ್‌ನೊಳಗೇ ಬರುತ್ತದೆ. ‘ಕನ್ಸಿಸ್ಟಿಂಗ್ ಆಫ್’ ಇದ್ದರೆ ಹೇಳಿದ್ದಷ್ಟೇ. ಅಂದಹಾಗೆ, ಅಮೆರಿಕದ ಪೇಟೆಂಟ್ ನಮ್ಮ ದೇಶದಲ್ಲಿ ನಡೆಯುವುದಿಲ್ಲ. ಅದೇ ಕಂಪನಿ ಇಲ್ಲೂ ಪಡೆದಿದೆಯಾ, ಅರ್ಜಿ ಹಾಕಿ 20 ವರ್ಷ ಆಯಿತಾ ಅಂತ ನೋಡದೆ ಸುಮ್ನೆ ತಲೆ ಕೆಡಿಸಿಕೊಳ್ಳುವವರು ಬಹಳ.

ನನ್ನ ಪ್ರಕಾರ ನಿಜವಾದ ಜಗಳ ಹರಳಿನದು. ಲಿಥಿಯಂ, ಅಲ್ಯುಮಿನಾ, ಸಿಲಿಕಾ ಸೇರಿಸಿ ಕರಗಿಸಿದರೆ ಅದಿನ್ನೂ ಬರೀ ಗಾಜು. ಟೈಟಾನಿಯಾ, ಜಿರ್ಕೋನಿಯಾ ಬೀಜ ಹಾಕಿದಂತೆ ಕೆಲಸ ಮಾಡುತ್ತವೆ. ಮತ್ತೆ ಹದವಾಗಿ ಕಾಯಿಸಿದಾಗ ಒಳಗೆ ಬೀಟಾ ಕ್ವಾರ್ಟ್ಜ್ ಮಾದರಿಯ ಸಣ್ಣ ಹರಳುಗಳು ಹುಟ್ಟುತ್ತವೆ. ಹಲಗೆ ಪಾರದರ್ಶಕವಾಗಿಯೇ ಉಳಿಯುತ್ತದೆ. ಅದೇ ಮಿಶ್ರಣವನ್ನು ಇನ್ನೂ ಜಾಸ್ತಿ ಕಾಯಿಸಿ, ಬೀಟಾ ಸ್ಪೊಡ್ಯುಮೀನ್ ಅನ್ನುವ ಬೇರೆ ಹರಳಾಗಿ ಹಾಲಿನಂತೆ ಬೆಳ್ಳಗಾಗುತ್ತದೆ. ಕ್ಲೇಮ್‌ನಲ್ಲಿ ‘ಮುಖ್ಯ ಹರಳು ಬೀಟಾ ಕ್ವಾರ್ಟ್ಜ್’ ಅಂತಿದ್ದರೆ, ಎಲ್ಲ ಅಂಕಿ ಹೊಂದಿದರೂ ಆ ಬಿಳಿ ಹಲಗೆ ಅದರ ಮಾತಿನೊಳಗೆ ಬರುವುದಿಲ್ಲ. ಹರಳಿನ ಮಾತೇ ಇಲ್ಲದ ಕ್ಲೇಮ್ ಆದರೆ ಬಂದೇ ಬರಬಹುದು!

ಹಾಗಾಗಿ ನನ್ನ ಹತ್ತಿರ ಬರುವಾಗ ಮಿಶ್ರಣದ ಚೀಟಿಯೊಂದನ್ನೇ ತರಬೇಡಿ. ಕುಲುಮೆ ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಇತ್ತು ಅನ್ನುವ ದಾಖಲೆ, ಒಳಗೆ ಯಾವ ಹರಳಿದೆ ಅಂತ ತೋರಿಸುವ ಎಕ್ಸ್‌ರೇ ಡಿಫ್ರಾಕ್ಷನ್ ವರದಿ, ಎರಡೂ ಬೇಕು.