ಹೇಳಿಕೊಳ್ಳಲಾರದವರ ಸಂಕಟ

14 ನವೆಂಬರ್ 2024, ಗುರುವಾರ
ಲಂಡನ್

ಇಂದು ಮಧ್ಯಾಹ್ನದ ಪಾಳಿಯ ಬಹುಪಾಲು ಒಂದು ನಮೂನೆಯನ್ನು ತುಂಬುವುದರಲ್ಲೇ ಕಳೆಯಿತು. ಡಿಸ್‌ಡ್ಯಾಟ್ ಎಂಬ ಈ ನಮೂನೆಯನ್ನು ಈಶಾನ್ಯ ಇಂಗ್ಲೆಂಡಿನ ಉಪಶಾಮಕ ಆರೈಕೆಯ (ಗಂಭೀರ ಕಾಯಿಲೆಯವರ ನೋವು, ಸಂಕಟಗಳನ್ನು ತಗ್ಗಿಸುವ ಆರೈಕೆ) ವೈದ್ಯ ಕ್ಲಾಡ್ ರೆಗ್ನಾರ್ಡ್ ಮತ್ತು ಅವರೊಂದಿಗಿದ್ದ ದಾದಿಯರು, ತಮ್ಮ ಸಂಕಟವನ್ನು ಮಾತಿನಲ್ಲಿ ಹೇಳಿಕೊಳ್ಳಲಾರದವರಿಗಾಗಿ ರೂಪಿಸಿದರು. ಇದರಲ್ಲಿ ನೋವಿಗೆ ಅಂಕ ಕೊಡುವ ಪದ್ಧತಿಯಿಲ್ಲ. ನೆಮ್ಮದಿಯಾಗಿರುವಾಗ ವ್ಯಕ್ತಿಯ ಮುಖ, ಧ್ವನಿ, ಚರ್ಮದ ಬಣ್ಣ, ಕುಳಿತುಕೊಳ್ಳುವ ರೀತಿ ಹೇಗಿರುತ್ತವೆ, ಸಂಕಟ ಬಂದಾಗ ಅವೇ ಹೇಗೆ ಬದಲಾಗುತ್ತವೆ ಎಂಬುದನ್ನು ಎದುರುಬದುರಾಗಿ ಬರೆಯಬೇಕು. ನೋವಿಗೆಂದೇ ಮೀಸಲಾದ ಚಿಹ್ನೆ ಯಾವುದೂ ಇಲ್ಲ. ಹೆದರಿಕೆ, ಮಲಬದ್ಧತೆ, ಹಲ್ಲುನೋವು ಎಲ್ಲಕ್ಕೂ ಒಬ್ಬ ವ್ಯಕ್ತಿ ಒಂದೇ ಬಗೆಯಲ್ಲಿ ಚಡಪಡಿಸಬಹುದು. ಆದ್ದರಿಂದ ಮೊದಲು ಸಂಕಟವನ್ನು ಗುರುತಿಸಿ, ಬಳಿಕ ಸಂದರ್ಭ ನೋಡಿ ಕಾರಣವನ್ನು ಹುಡುಕಬೇಕು ಎಂಬುದು ಇದರ ಹಿಂದಿನ ವಿಚಾರ.

ನಾನು ದಾದಿಯಾಗಿರುವ ಆರೈಕೆ ಮನೆಯಲ್ಲಿ ಇಂದು ಯಾವ ನಿವಾಸಿಯ ನಮೂನೆಯನ್ನು ತುಂಬಿದೆನೋ ಅವರಿಗೆ ಐವತ್ತು ದಾಟಿದೆ. ಹುಟ್ಟಿನಿಂದಲೇ ಬರುವ, ಬೌದ್ಧಿಕ ಅಸಾಮರ್ಥ್ಯ ಉಂಟುಮಾಡುವ ಡೌನ್ ಸಿಂಡ್ರೋಮ್ ಇದೆ, ಈಚೆಗೆ ಮರೆವಿನ ಕಾಯಿಲೆಯೂ ಎದ್ದು ಕಾಣುತ್ತಿದೆ. ಐರ್ಲೆಂಡಿನಲ್ಲಿ ಮೇರಿ ಮೆಕ್ಯಾರನ್ ಎಂಬ ಶುಶ್ರೂಷಾ ಸಂಶೋಧಕಿ ಡೌನ್ ಸಿಂಡ್ರೋಮ್ ಇರುವ 77 ಮಂದಿಯನ್ನು 20 ವರ್ಷಗಳ ಕಾಲ ಹಿಂಬಾಲಿಸಿದಾಗ, ಅವರಲ್ಲಿ ಬಹುತೇಕ ಎಲ್ಲರಿಗೂ ಡಿಮೆನ್ಶಿಯಾ ಎಂಬ ಈ ಮರೆವಿನ ಕಾಯಿಲೆ ಬಂದದ್ದನ್ನು ಕಂಡರು. ಹಾಗಾಗಿ ನಮ್ಮವರ ಮುಂದಿನ ದಾರಿ ನಮಗೆ ಅಪರಿಚಿತವಲ್ಲ. ಇರುವ ಮಾತೂ ಹೋಗುವ ಮೊದಲೇ ಬರೆದಿಡಬೇಕಾದದ್ದನ್ನು ಬರೆದಿಡಬೇಕು.

ಸುಖವಾಗಿದ್ದಾಗ ಅವರು ಗಂಟಲಲ್ಲೇ ಏನನ್ನೋ ಗುನುಗುತ್ತ ಎರಡು ಬೆರಳಿನಿಂದ ಕೆಳತುಟಿಯನ್ನು ತಟ್ಟಿಕೊಳ್ಳುತ್ತಾರೆ. ಸಂಕಟವಾದರೆ ಅಳುವುದಿಲ್ಲ, ಕೂಗುವುದಿಲ್ಲ. ಗುನುಗು ನಿಲ್ಲುತ್ತದೆ, ಅಂಗಿಯ ಎಡತೋಳನ್ನು ಅಂಗೈ ಮುಚ್ಚುವಷ್ಟು ಕೆಳಕ್ಕೆ ಎಳೆದುಕೊಂಡು ಅಲುಗಾಡದೆ ಕೂರುತ್ತಾರೆ. ಇದನ್ನು ನನಗೆ ಹೇಳಿದ್ದು ಅವರಿಗೆ ವರ್ಷಗಟ್ಟಲೆ ಸ್ನಾನ ಮಾಡಿಸಿ, ಊಟ ಮಾಡಿಸಿದ ರಾತ್ರಿ ಪಾಳಿಯ ಆರೈಕೆದಾರೆ. ಹಿಂದೊಮ್ಮೆ ಈ ನಿವಾಸಿ ಆಸ್ಪತ್ರೆಯಲ್ಲಿದ್ದಾಗ ಇದೇ ಭಂಗಿಯನ್ನು ನೋಡಿದವರು ದಾಖಲೆಯಲ್ಲಿ 'ಶಾಂತವಾಗಿದ್ದಾರೆ' ಎಂದು ಬರೆದಿದ್ದರು. ಆ ಸಾಲನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ.

ಹೊಸ ಲಕ್ಷಣ ಯಾವುದು ಕಂಡರೂ 'ಅವರಿರುವುದೇ ಹಾಗೆ' ಎಂದು ತಳ್ಳಿಹಾಕುವ ಪ್ರವೃತ್ತಿಗೆ ತೆರಬೇಕಾಗಿ ಬರುವ ಬೆಲೆ ಬಹಳ ದೊಡ್ಡದು. ನೈಋತ್ಯ ಇಂಗ್ಲೆಂಡಿನಲ್ಲಿ ಬೌದ್ಧಿಕ ಅಸಾಮರ್ಥ್ಯವಿದ್ದ 247 ಮಂದಿಯ ಸಾವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ವಿಚಾರಣಾ ವರದಿಯ ಪ್ರಕಾರ, ಅವರಲ್ಲಿ ಗಂಡಸರು ಸಾಮಾನ್ಯ ಜನರಿಗಿಂತ 13 ವರ್ಷ, ಹೆಂಗಸರು 20 ವರ್ಷ ಮೊದಲೇ ತೀರಿಕೊಂಡಿದ್ದರು.

ಐರೀನ್ ಟಫ್ರಿ-ವೈನ್ ಅವರ ಕೆಲಸವನ್ನು ನಾನು ಮತ್ತೆ ಮತ್ತೆ ಓದುವುದು ಈ ಕಾರಣಕ್ಕೇ. ನೆದರ್ಲ್ಯಾಂಡ್ಸ್‌ನಿಂದ ಬಂದು ಇಲ್ಲಿ ದಾದಿಯಾಗಿ ದುಡಿದು, ಈಗ ಕಿಂಗ್‌ಸ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿರುವ ಅವರು, ಬೌದ್ಧಿಕ ಅಸಾಮರ್ಥ್ಯದೊಂದಿಗೆ ಕ್ಯಾನ್ಸರನ್ನೂ ಎದುರಿಸುತ್ತಿದ್ದ 13 ಮಂದಿಯ ಜೊತೆಯಲ್ಲಿದ್ದು, ಮನೆಯಲ್ಲೂ ಆಸ್ಪತ್ರೆಯಲ್ಲೂ ಅವರ ದಿನಗಳನ್ನು ನೋಡಿ ಬರೆದರು. ದಾದಿಯೊಬ್ಬಳಿಗೆ ಮಾತ್ರ ಸಾಧ್ಯವಾಗುವ ಸಂಶೋಧನೆ ಅದು ಎಂದು ನನಗೆ ತೋರುತ್ತದೆ, ಏಕೆಂದರೆ ಪಕ್ಕದಲ್ಲಿ ಸುಮ್ಮನೆ ಕುಳಿತು ಗಮನಿಸುವುದು ನಮ್ಮ ವೃತ್ತಿಯಲ್ಲೇ ಇದೆ. ಆ ಜನರಲ್ಲಿ ಅನೇಕರಿಗೆ ತಮ್ಮ ಕಾಯಿಲೆ ಏನೆಂಬುದೇ ಸರಿಯಾಗಿ ತಿಳಿದಿರಲಿಲ್ಲ. ಹೇಳಿದರೆ ನೊಂದುಕೊಂಡಾರು ಎಂದು ಸುತ್ತಲಿನವರು ಮರೆಮಾಚುತ್ತಿದ್ದರು. ಮುಂದೆ ಐರೀನ್ ಸಿದ್ಧಪಡಿಸಿದ ಮಾರ್ಗದರ್ಶನ, ಕೆಟ್ಟ ಸುದ್ದಿಯನ್ನು ಒಂದೇ ಸಲ ಹೇಳಿ ಮುಗಿಸದೆ, ವ್ಯಕ್ತಿಗೆ ಈಗಾಗಲೇ ಏನು ಗೊತ್ತು ಎಂಬಲ್ಲಿಂದ ಆರಂಭಿಸಿ, ಇಂದು ಏನಾಗುತ್ತಿದೆ, ಮುಂದೆ ಏನಾಗಬಹುದು ಎಂಬುದನ್ನು ಸಣ್ಣ ಸಣ್ಣ ತುಣುಕುಗಳಾಗಿ ಜೋಡಿಸಿಕೊಡಬೇಕು ಎನ್ನುತ್ತದೆ. 'ನಾಳೆ ನರ್ಸ್ ಬಂದು ಕಾಲಿಗೆ ಪಟ್ಟಿ ಕಟ್ಟುತ್ತಾರೆ' ಎಂಬುದೂ ಒಂದು ತುಣುಕೇ. ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕೆಂದೇನೂ ಇಲ್ಲ, ಕಾಲದ ಕಲ್ಪನೆಯೇ ಇಲ್ಲದವರಿಗೆ ಮುಂದಿನ ವರ್ಷದ ಮಾತು ಬರಿಯ ಭಯವಾದೀತು. ಆದರೆ ಹೇಳದಿರುವ ನಿರ್ಧಾರಕ್ಕೂ ಕಾರಣ ಬೇಕು, ನಮ್ಮ ಅಳುಕೇ ಆ ಕಾರಣವಾಗಬಾರದು.

ಊರಿಗೆ ಫೋನ್ ಮಾಡಿದಾಗ, ಬೌದ್ಧಿಕ ಅಸಾಮರ್ಥ್ಯವಿರುವ ಮಗನಿರುವ ನಮ್ಮ ದೊಡ್ಡಮ್ಮ ಕೇಳುವುದು ಒಂದೇ ಪ್ರಶ್ನೆ: 'ನಮ್ಮ ಕಾಲದ ನಂತರ ಇವನ ಗತಿಯೇನು?' ಅವನ ಒಂದೊಂದು ಸದ್ದಿನ ಅರ್ಥವೂ ಆಕೆಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡೋಣ ದೊಡ್ಡಮ್ಮ, ನೀವು ಹೇಳುತ್ತ ಹೋಗಿ, ನಾನು ಬರೆದುಕೊಳ್ಳುತ್ತೇನೆ ಎಂದು ಕಳೆದ ಭಾನುವಾರ ಒಪ್ಪಿಸಿದ್ದೇನೆ.

ನಮ್ಮ ನಿವಾಸಿಯ ನಮೂನೆಯ ಒಂದು ಪ್ರತಿ ಆಸ್ಪತ್ರೆಗೆ ಒಯ್ಯುವ ಕಡತಕ್ಕೆ, ಇನ್ನೊಂದು ಅವರ ಅಕ್ಕನಿಗೆ. ಮುಂದಿನ ಆರೈಕೆಯ ಯೋಜನೆ ಮಾಡಲು ಸೋಮವಾರ ವೈದ್ಯರು ಬರುತ್ತಾರೆ. ಆ ಸಭೆಯಲ್ಲಿ ಆ ನಿವಾಸಿಯನ್ನೂ ಕೂರಿಸಿಕೊಳ್ಳಬೇಕು, ರಾತ್ರಿ ಪಾಳಿಯ ಆರೈಕೆದಾರೆಯನ್ನೂ ಕರೆಯಬೇಕು ಎಂದು ವ್ಯವಸ್ಥಾಪಕರಿಗೆ ಬರೆದು ಕಳುಹಿಸಿದ್ದೇನೆ.